ನಲವತ್ತೊಂದರ ಬಿಲ್ಲೆ

೪ ಫೆಬ್ರುವರಿ

ಅಕ್ಕನವರಿಗೆ ನಮಸ್ಕಾರ.

ವರ್ಷಕ್ಕೆ ಎರಡೇ ಕಾಗದ ಎನ್ನುವ ನಮ್ಮ ಕ್ರಮದಲ್ಲಿ ಇದು ಹೆಚ್ಚಿನದು. ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ನಮ್ಮ ಹೋಟೆಲಿನಲ್ಲಿ ದುಡಿದವರ ಪೈಕಿ ಸಾಯುವುದಕ್ಕೆ ಉಳಿದಿರುವವರೇ ಕಡಿಮೆ.

ವಿಷಯ ಇಷ್ಟು. ನಾಲ್ಕು ವರ್ಷ ಬಾಗಿಲು ಹಾಕಿಕೊಂಡಿದ್ದ ಕಟ್ಟಡ ಈಗ ಆಫೀಸಾಗುತ್ತಿದೆ. ಕೊಂಡವರು ಹೊರಗಿನ ಮುಖ ಮುಟ್ಟಿಲ್ಲ, ಹಳೆಯ ಕಟ್ಟಡದ ಮುಖ ಮುಟ್ಟಬಾರದೆಂದು ಕಾನೂನಿದೆಯಂತೆ. ಒಳಗೆ ಮಾತ್ರ ಹೊಟ್ಟೆ ಬಗೆದಿದ್ದಾರೆ. ಊಟದ ಹಾಲಿನಲ್ಲಿ ಅರವತ್ತು ಮೇಜು, ಮೇಜಿಗೊಂದು ಕಂಪ್ಯೂಟರು. ಎರಡನೆಯ ಮಹಡಿಯ ಹನ್ನೆರಡು ಕೋಣೆಗಳ ಗೋಡೆಗಳನ್ನೆಲ್ಲ ಕೆಡವಿ ಒಂದೇ ಬಯಲು ಮಾಡಿದ್ದಾರೆ. ಗೋಡೆ ಇದ್ದ ಕಡೆ ನೆಲದಲ್ಲಿ ಗೆರೆ ಉಳಿದಿದೆ. ನಾನು ಇನ್ನೂ ಆ ಗೆರೆಗಳನ್ನು ಬಾಗಿಲು ಇದ್ದ ಜಾಗದಿಂದಲೇ ದಾಟುತ್ತೇನೆ. ಕೆಲಸಗಾರರು ನೋಡಿ ನಗುತ್ತಾರೆ.

ನನ್ನನ್ನು ತೆಗೆದುಹಾಕಿಲ್ಲ. ಮುಚ್ಚಿದ ಕಟ್ಟಡಕ್ಕೆ ಕಾವಲಿದ್ದವನನ್ನು ಮುಂಬಾಗಿಲ ಮೇಜಿಗೆ ಕೂರಿಸಿದ್ದಾರೆ. ಅದೇ ಮೇಜು, ಮೂವತ್ನಾಲ್ಕು ವರ್ಷ ನಾನು ಕೀಲಿ ಕೊಟ್ಟ ಮೇಜು. ಈಗ ಕೀಲಿಯ ಬದಲು, ಬಂದವರ ಹೆಸರು ಬರೆದುಕೊಂಡು ಕೊರಳಿಗೆ ಹಾಕಿಕೊಳ್ಳುವ ಚೀಟಿ ಕೊಡುವುದು.

ಕೆಲಸದ ಮೇಲ್ವಿಚಾರಣೆಗೆ ಒಬ್ಬಳು ಇಂಜಿನಿಯರು ಇದ್ದಾಳೆ, ನಿಮ್ಮಷ್ಟೇ ಚುರುಕು ನಾಲಿಗೆ. ಮೊನ್ನೆ ನಮ್ಮ ಕೀಲಿ ಹಲಗೆಯನ್ನು ತಂದು ಎದುರಿಗಿಟ್ಟಳು. "ತಾತ, ಇದನ್ನ ಗೋಡೆಗೆ ಹಾಕೋಣ, ನೋಡೋಕೆ ಚೆನ್ನಾಗಿರುತ್ತೆ. ಯಾವ ಕೀಲಿ ಎಲ್ಲಿ ಅಂತ ನಿಮಗಲ್ಲದೆ ಇನ್ಯಾರಿಗೆ ಗೊತ್ತು" ಎಂದಳು. ಹಲಗೆ ಬಿಚ್ಚಿದ ಕೂಲಿಯವರು ನಲವತ್ತೆಂಟು ಕೀಲಿಗಳನ್ನೂ ಹಿತ್ತಾಳೆ ಬಿಲ್ಲೆಗಳ ಸಮೇತ ಒಂದು ಬಕೆಟ್ಟಿಗೆ ಸುರಿದಿದ್ದರು. ಎಲ್ಲ ಕರ್ರಗಾಗಿವೆ. ದಿನಕ್ಕೆ ನಾಲ್ಕೈದರಂತೆ ಉಜ್ಜುತ್ತಿದ್ದೇನೆ.

ಕೀಲಿ ಕೊಕ್ಕೆಯಲ್ಲಿದ್ದರೆ ಕೋಣೆ ಖಾಲಿ, ಇಲ್ಲದಿದ್ದರೆ ಒಳಗೆ ಜನ ಇದ್ದಾರೆ ಎಂದು ಅವಳಿಗೆ ಹೇಳಿಕೊಟ್ಟೆ. ನಮ್ಮಿಬ್ಬರ ಗುಟ್ಟು ಮಾತ್ರ ಹೇಳಲಿಲ್ಲ. ಕೆಲಸದ ಹುಡುಗಿಯರಲ್ಲಿ ಯಾರಿಗಾದರೂ ಮೈ ಸರಿಯಿಲ್ಲದಿದ್ದರೆ ನೀವು ನಿಮ್ಮ ಗೊಂಚಲಿನ ಕೀಲಿಯಿಂದ ಖಾಲಿ ಕೋಣೆ ತೆಗೆದು ಮಲಗಿಸುತ್ತಿದ್ದಿರಿ. ಆಮೇಲೆ ಟವೆಲು ಹೊತ್ತು ನನ್ನ ಬೆನ್ನ ಹಿಂದೆ ಹಾದುಹೋಗುತ್ತ, ಆ ಕೋಣೆಯ ಬಿಲ್ಲೆಯನ್ನು ಬೆರಳಿನಿಂದ ಗೋಡೆ ಕಡೆ ತಿರುವಿಬಿಡುತ್ತಿದ್ದಿರಿ. ನಂಬರು ಒಂದೇ ಮುಖದಲ್ಲಿ, ಹಿಂಬದಿ ಬೋಳು. ಬೋಳು ಮುಖ ಕಂಡರೆ ಒಳಗೆ ನಮ್ಮವರಿದ್ದಾರೆ, ಕೋಣೆ ಯಾರಿಗೂ ಕೊಡಬೇಡಿ ಎಂದರ್ಥ. ಮ್ಯಾನೇಜರು ದೊರೆ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದನ್ನು ನೆನೆದು ಒಬ್ಬನೇ ನಕ್ಕೆ.

ನೀವು ನೋಡಿಕೊಳ್ಳುತ್ತಿದ್ದ ಬಟ್ಟೆ ಕೋಣೆಯಿಂದ ನಿಮಗೆ ಏನಾದರೂ ಬೇಕಿದ್ದರೆ ತಿಳಿಸಿ. ಕಸಕ್ಕೆ ಹೋಗುವ ಮುಂಚೆ ಎತ್ತಿಡುತ್ತೇನೆ.

ನಿಮ್ಮ
ಮೇಷ್ಟ್ರು

*

೧೯ ಫೆಬ್ರುವರಿ

ಮೇಷ್ಟ್ರೇ,

ಸಾಯುವುದಕ್ಕೆ ಉಳಿದಿರುವವರು ಕಡಿಮೆ ಎಂದು ಬರೆಯುತ್ತೀರಿ, ಗಾಬರಿಯಾಗಬೇಡಿ ಎಂದೂ ಬರೆಯುತ್ತೀರಿ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಹೋಟೆಲು ಹೋಗಿ ಆಫೀಸು ಬಂದರೂ ನಿಮಗೆ ಅದೇ ಮೇಜು ಸಿಕ್ಕಿದ್ದು ಕೇಳಿ ನಕ್ಕೆ. ಹಳೇ ಗಂಡನ ಪಾದವೇ ಗತಿ ಎನ್ನುತ್ತಾರಲ್ಲ, ಹಾಗಾಯಿತು.

ನಾನು ಇದ್ದ ಹಾಗೇ ಇದ್ದೇನೆ. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹಾಸುಗಳಿಗೆ ತೇಪೆ ಹಾಕುವುದು, ಸಂಜೆ ಮನೆಗೆ ಬಂದು ಚಿಕ್ಕಮ್ಮನ ಮಗಳ ಜೊತೆ ಕೂಗಾಡುವುದು. ಜಗಳವಲ್ಲ, ಅವಳಿಗೆ ಕಿವಿ ಪೂರ್ತಿ ಹೋಗಿದೆ. "ಅಕ್ಕಾ, ಯಾರ ಕಾಗದ" ಎಂದು ಕೇಳಿದಳು. "ಕೀಲಿಯವರದು" ಎಂದು ಮೂರು ಸಲ ಕೂಗಿದೆ. ಪಕ್ಕದ ಮನೆಯವರಿಗೂ ಈಗ ನೀವು ಗೊತ್ತು.

ಬಟ್ಟೆ ಕೋಣೆಯಿಂದ ಏನೂ ಬೇಡ. ಹಳೆಯ ಬಟ್ಟೆ ನೋಡಿ ನೋಡಿ ಸಾಕಾಗಿದೆ.

ಬಿಲ್ಲೆಗಳನ್ನು ಉಜ್ಜುತ್ತಿದ್ದೀರಿ ಎಂದು ಓದಿದಾಗ ನಿಮ್ಮನ್ನು ಕಣ್ಣಾರೆ ಕಂಡ ಹಾಗಾಯಿತು. ಒಂದು ಕೀಲಿ ಸೊಟ್ಟಗಿದ್ದರೂ ಊಟ ಬಿಟ್ಟೆದ್ದು ಬಂದು ನೇರ ಮಾಡುತ್ತಿದ್ದಿರಿ. ಅದನ್ನು ನೋಡಿಯೇ ನಮ್ಮ ಚಿನಕುರಳಿ ನಿಮಗೆ ಮೇಷ್ಟ್ರು ಎಂದು ಹೆಸರಿಟ್ಟದ್ದು. ಇಡೀ ಹೋಟೆಲಿಗೆ ಅವಳು ಇಟ್ಟ ಹೆಸರೇ ನಿಂತಿತು.

ನೋಡಿ, ಅವಳ ಮಾತು ನಾನೇ ಎತ್ತಿದೆ. ಎತ್ತಿದ ಮೇಲೆ ಕೇಳಿಯೇಬಿಡುತ್ತೇನೆ. ನಲವತ್ತೊಂದನೆಯ ಕೋಣೆಯನ್ನು ಈಗ ಏನು ಮಾಡಿದ್ದಾರೆ? ನನ್ನ ತಂಗಿ ಸತ್ತ ಕೋಣೆಯ ಬಗ್ಗೆ ಹೀಗೆ ಒಂದು ಸಾಲು ಬರೆಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ಸುಮ್ಮನೆ ತಿಳಿಯಬೇಕು, ಅಷ್ಟೇ. ಮರೆಮಾಚದೆ ಬರೆಯಿರಿ.

ಅಕ್ಕ

*

೨ ಮಾರ್ಚ್

ಅಕ್ಕನವರಿಗೆ,

ನಿಮ್ಮ ಕಾಗದ ತಲುಪಿತು.

೪೧ರಲ್ಲಿ ಈಗ ಕಾಗದ, ಪೆಟ್ಟಿಗೆ ಇತ್ಯಾದಿ ಇಡುತ್ತಾರೆ. ಜನ ಹೆಚ್ಚು ಹೋಗುವುದಿಲ್ಲ. ಸುಣ್ಣ ಬಳಿದಿದ್ದಾರೆ. ಕಿಟಕಿ ಹಳೆಯದೇ.

ಹಲಗೆ ಗೋಡೆಗೆ ಏರಿತು. ನಲವತ್ತೇಳು ಕೀಲಿಗಳನ್ನು ಹಾಕಿದೆ. ೪೧ರ ಕೀಲಿಯೂ ಬಿಲ್ಲೆಯೂ ಬಕೆಟ್ಟಿನಲ್ಲಿ ಸಿಗಲಿಲ್ಲ. ಕೂಲಿಯವರ ಕೈಯಲ್ಲಿ ಎಲ್ಲಿ ಬಿತ್ತೋ. ಇಂಜಿನಿಯರು, "ಹೊಸದೊಂದು ಮಾಡಿಸೋಣ ಬಿಡಿ ತಾತ" ಎಂದಳು. ಬೇಡ, ಕೊಕ್ಕೆ ಖಾಲಿಯೇ ಇರಲಿ ಎಂದೆ.

ಕಣ್ಣಿಗೆ ಪೊರೆ ಬರುತ್ತಿದೆ. ಹೆಚ್ಚು ಬರೆಯಲಾಗುತ್ತಿಲ್ಲ.

ಮೇಷ್ಟ್ರು

*

೨೦ ಮಾರ್ಚ್

ಮೇಷ್ಟ್ರೇ,

ನೀವು ಒಳ್ಳೆಯವರು, ಆದರೆ ಸುಳ್ಳು ಹೇಳಲು ಬರುವುದಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಒಂದು ಕೀಲಿ ಕಳೆಯದವರ ಕೈಯಿಂದ ಸರಿಯಾಗಿ ನಲವತ್ತೊಂದೇ ಕಳೆದುಹೋಯಿತೇ? ಆ ನಂಬರು ದಿನಾ ಕಣ್ಣಿಗೆ ಬೀಳದಿರಲಿ ಎಂದು ನೀವೇ ಎತ್ತಿಟ್ಟಿದ್ದೀರಿ. ನಾನು ಯಾವತ್ತಾದರೂ ಬಂದರೆ ನನ್ನ ಕಣ್ಣಿಗೂ ಬೀಳದಿರಲಿ ಎಂದು. ಓದಿ ತುಂಬ ಹೊತ್ತು ಅತ್ತೆ. ಇಷ್ಟು ವರ್ಷದ ಮೇಲೂ ನನ್ನನ್ನು ಕಾಪಾಡುವವರು ಒಬ್ಬರಿದ್ದಾರೆ ಎಂದು.

ಆದರೆ ಕಾಪಾಡಿಸಿಕೊಳ್ಳುವ ಯೋಗ್ಯತೆ ನನಗಿಲ್ಲ. ಅದನ್ನು ಇವತ್ತು ಹೇಳಿ ಮುಗಿಸುತ್ತೇನೆ.

ಅವತ್ತು ಬೆಳಗ್ಗೆಯಿಂದ ಅವಳಿಗೆ ಜ್ವರ. ಇಪ್ಪತ್ತೆರಡು ವರ್ಷದ ಹುಡುಗಿ, ಹಾಸಿಗೆಗೆ ಹಾಸು ಬಿಗಿಯುವಾಗ ಅದರ ಮೇಲೇ ಬಿದ್ದಳು. ದೊರೆಯನ್ನು ರಜೆ ಕೇಳಿದರೆ, "ಜ್ವರ ಬಂದವರಿಗೆಲ್ಲ ರಜೆ ಕೊಟ್ಟರೆ ಹಾಸಿಗೆ ನಾನು ಹಾಸ್ಲಾ" ಎಂದ. ಊಟದ ಹೊತ್ತು ಕಳೆದ ಮೇಲೆ ನಲವತ್ತೊಂದು ತೆಗೆದು ಮಲಗಿಸಿದೆ. ಒದ್ದೆ ಬಟ್ಟೆ ಹಣೆಗಿಟ್ಟು, ಒಂದು ಮಾತ್ರೆ ನುಂಗಿಸಿ, "ಒಂದು ಗಂಟೆ ನಿದ್ದೆ ಮಾಡು, ನಾನೇ ಬಂದು ಎಬ್ಬಿಸ್ತೀನಿ" ಎಂದೆ. ಅವಳು ಆ ಜ್ವರದಲ್ಲೂ, "ಎಬ್ಬಿಸದೆ ಹೋದ್ರೆ ರಾಣಿ ಥರ ಸಂಜೇತನಕ ಮಲಗ್ತೀನಿ" ಎಂದಳು.

ಕೆಳಗೆ ಬಂದೆ. ತೋಳಿನ ತುಂಬ ಟವೆಲು. ದೊರೆ ನಿಮ್ಮ ಮೇಜಿನ ಬಳಿಯೇ ನಿಂತು, ಬಟ್ಟೆ ಒಗೆಯುವವರ ಹತ್ತಿರ ಈಗಿಂದೀಗಲೇ ಹೋಗು, ಹಾಸು ಸಾಲದು ಎಂದು ನನ್ನ ಮೇಲೆ ಹರಿಹಾಯುತ್ತಿದ್ದ. ನಾನು ಹಲಗೆಯ ಕಡೆ ನೋಡಲಿಲ್ಲ. ನೋಡದೆಯೇ ಬೆರಳು ಹಾಕಿ ಬಿಲ್ಲೆ ತಿರುವಿದೆ. ತಿರುವಿದೆ ಎಂದೇ ನನ್ನ ಕೈ ಇವತ್ತಿಗೂ ಹೇಳುತ್ತದೆ. ತಣ್ಣಗಿನ ಹಿತ್ತಾಳೆ ಬೆರಳಿಗೆ ತಾಗಿದ್ದು ನೆನಪಿದೆ.

ಒಂದೂವರೆ ಗಂಟೆ ಬಿಟ್ಟು ಮರಳಿದಾಗ ಬೀದಿಯ ತುಂಬ ಜನ. ಅಡುಗೆಮನೆಯ ಹೊಗೆಗೂಡಿನಿಂದ ಹತ್ತಿದ ಬೆಂಕಿ. ಬೆಂಕಿಗಿಂತ ಹೊಗೆ ಹೆಚ್ಚು. ಅಗ್ನಿಶಾಮಕದವರು ಮೇಲೆ ಯಾರಿದ್ದಾರೆ ಎಂದು ಕೇಳಿದಾಗ ನೀವು ಹಲಗೆ ನೋಡಿ ಮೂರು ನಂಬರು ಹೇಳಿದಿರಂತೆ, ಆ ಮೂರು ಕೋಣೆಯವರೂ ಬದುಕಿದರು. ಅವಳನ್ನು ಕೆಳಗಿಳಿಸಿದ್ದು ಸಂಜೆ. ಮೈ ಮೇಲೆ ಒಂದು ಸುಟ್ಟ ಗುರುತಿಲ್ಲ. ಮಲಗಿದವಳು ಮಲಗಿದ ಹಾಗೇ ಇದ್ದಳು.

ಕಾಲುದಾರಿಯ ಮೇಲೆ ಕೂತಿದ್ದ ನನ್ನ ಹತ್ತಿರ ನೀವು ಬಂದು ಒಂದೇ ಮಾತು ಹೇಳಿದಿರಿ. "ಅಕ್ಕ, ಬಿಲ್ಲೆ ಮುಂದಕ್ಕೇ ಇತ್ತು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀವು ಮತ್ತೆಂದೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ದಿನವೂ ಅದನ್ನು ಕೇಳಿಸಿಕೊಂಡಿದ್ದೇನೆ. ನೀವು ಸುಳ್ಳು ಹೇಳುವವರಲ್ಲ. ಹಾಗಾದರೆ ನನ್ನ ಕೈ ಸುಳ್ಳು ಹೇಳುತ್ತಿದೆ. ನಾನು ತಿರುವಲು ಮರೆತೆ, ಮರೆತದ್ದನ್ನು ಒಪ್ಪಲಾಗದೆ ತಿರುವಿದೆ ಎಂದು ಕೈಗೆ ಕಲಿಸಿಕೊಂಡೆ.

ಇನ್ನೂ ಒಂದಿದೆ. ವಿಚಾರಣೆಯಲ್ಲಿ, ಅವಳು ಅನುಮತಿಯಿಲ್ಲದೆ ಕೋಣೆಗೆ ನುಗ್ಗಿ ಮಲಗಿದ್ದಳು ಎಂದು ಬರೆದರು. ನಾನು ಬಾಯಿ ಬಿಡಲಿಲ್ಲ. ಅಮ್ಮ ಸಾಯುವವರೆಗೂ ಕಂಡಕಂಡವರಿಗೆ, "ನನ್ನ ಮಗಳು ಕೆಲಸಗಳ್ಳಿ ಅಲ್ಲ" ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಹೌದಮ್ಮ" ಎನ್ನುತ್ತಿದ್ದೆ. ಅಷ್ಟೇ ನನ್ನ ಧೈರ್ಯ.

ಉತ್ತರ ಬರೆಯಿರಿ. ಬೈದಾದರೂ ಬರೆಯಿರಿ.

ಅಕ್ಕ

*

೨೮ ಮೇ

ಅಕ್ಕನವರಿಗೆ,

ತಡವಾಯಿತು. ಕಣ್ಣಿನ ಆಪರೇಷನ್ ಆಯಿತು. ಅದು ಒಂದು ವಾರದ ವಿಷಯ, ಎರಡು ತಿಂಗಳದ್ದಲ್ಲ ಎಂದು ನೀವು ಅನ್ನುತ್ತೀರಿ. ಹೌದು.

ಆಫೀಸು ಶುರುವಾಗಿದೆ. ಹಳೆಯ ಲಿಫ್ಟನ್ನು ಓಡಿಸುವುದಿಲ್ಲ, ಗಾಜಿನ ಬಾಗಿಲು ಹಾಕಿ ಒಳಗೆ ಹೂವಿನ ಕುಂಡ ಇಟ್ಟಿದ್ದಾರೆ. ಸ್ನಾನದ ಮನೆಗಳೆಲ್ಲ ಹೋದವು. ಜನ ಒಳ್ಳೆಯವರೇ. ಬೆಳಗ್ಗೆ ನಮಸ್ಕಾರ ಹೇಳುತ್ತಾರೆ, ಸಂಜೆ ಹೇಳುವಷ್ಟು ಶಕ್ತಿ ಅವರಲ್ಲಿ ಉಳಿದಿರುವುದಿಲ್ಲ. ಹಲಗೆಯ ಪಕ್ಕದಲ್ಲಿ ಒಂದು ಗಾಜಿನ ಚೌಕಟ್ಟು ಹಾಕುತ್ತಾರಂತೆ. ಹಳೆಯ ಕೆಲಸಗಾರರ ನೆನಪಿನ ಮಾತುಗಳನ್ನು ಬರೆಸಿ ಅದರಲ್ಲಿ ಇಡುತ್ತಾರಂತೆ. ನಾನು ಏನೂ ಬರೆದುಕೊಟ್ಟಿಲ್ಲ.

ನಿಮಗೊಂದು ಸುಳ್ಳು ಹೇಳಿದ್ದೆ. ೪೧ರಲ್ಲಿ ಕಾಗದ ಇಡುವುದಿಲ್ಲ. ಅದನ್ನು ವಿಶ್ರಾಂತಿಯ ಕೋಣೆ ಮಾಡಿದ್ದಾರೆ. ತಲೆನೋವೋ ಜ್ವರವೋ ಬಂದವರು ಅರ್ಧ ಗಂಟೆ ಮಲಗಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಒಂದು ಮಂಚ, ಒಂದು ಹೊದಿಕೆ. ಬಾಗಿಲ ಮೇಲೆ ಸಣ್ಣ ಪಟ್ಟಿಯಿದೆ. ಒಳಗೆ ಹೋಗುವವರು ಅದನ್ನು ಸರಿಸಿದರೆ ಕೆಂಪು ಕಾಣುತ್ತದೆ. ಮೊದಲ ದಿನ ಅದು ಕೆಂಪಾದದ್ದನ್ನು ನೋಡಿ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಮಗೆ ಹೇಗೆ ಬರೆಯಲಿ ಎಂದು ತಿಳಿಯದೆ ಕಾಗದ ಎಂದು ಬರೆದೆ.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಿಮ್ಮ ತಪ್ಪಿಲ್ಲ ಎಂದಷ್ಟೇ ಈಗ ಹೇಳಬಲ್ಲೆ. ದಯವಿಟ್ಟು ನಂಬಿ. ಏಕೆ ಎಂದು ಕೇಳಬೇಡಿ.

ಮೇಷ್ಟ್ರು

*

೧೫ ಜೂನ್

ಮೇಷ್ಟ್ರೇ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀರಿ. ನಿಮ್ಮ ತಪ್ಪಿಲ್ಲ, ಏಕೆ ಎಂದು ಕೇಳಬೇಡಿ. ಇದು ಹಟ ಮಾಡುವ ಮಗುವಿನ ಬೆನ್ನು ತಟ್ಟಿದ ಹಾಗಾಯಿತು. ನನಗೆ ಅರವತ್ತಮೂರು. ಬೆನ್ನು ತಟ್ಟಿಸಿಕೊಳ್ಳುವ ವಯಸ್ಸಲ್ಲ.

ಇಪ್ಪತ್ತಾರು ವರ್ಷ ಎದೆಯಲ್ಲಿಟ್ಟದ್ದನ್ನು ನಿಮ್ಮ ಮುಂದೆ ಇಟ್ಟೆ. ನೀವು ಎರಡು ತಿಂಗಳು ಸುಮ್ಮನಿದ್ದಿರಿ. ಆ ಎರಡು ತಿಂಗಳಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನೀವೂ ಇಷ್ಟು ವರ್ಷ ನಾನು ಮರೆತೆ ಎಂದೇ ನಂಬಿದ್ದೀರಿ. ಬಾಯಿಬಿಟ್ಟು ಹೌದು ಎನ್ನುವಷ್ಟು ಕಠಿಣ ಮನಸ್ಸು ನಿಮಗಿಲ್ಲ. ಸರಿ, ಅದನ್ನು ನಾನೇ ಹೇಳಿಬಿಡುತ್ತೇನೆ.

ಇದರ ಜೊತೆ ಇನ್ನೊಂದು ಹಾಳೆಯಿದೆ. ಗಾಜಿನ ಚೌಕಟ್ಟಿನಲ್ಲಿ ಇಡಲು ನನ್ನ ನೆನಪಿನ ಮಾತು. ಆ ದಿನ ಹುಡುಗಿ ತಾನಾಗಿ ನುಗ್ಗಲಿಲ್ಲ, ನಾನು ಮಲಗಿಸಿದೆ, ಬಿಲ್ಲೆ ತಿರುವಲು ಮರೆತೆ, ಅದರಿಂದ ಅವಳು ಸತ್ತಳು ಎಂದು ಬರೆದಿದ್ದೇನೆ. ಕೆಳಗೆ ರುಜು ಹಾಕಿದ್ದೇನೆ. ಇಂಜಿನಿಯರಿಗೆ ಕೊಡಿ. ದಾರಿಯಲ್ಲಿ ಹೋಗುವವರು ಓದಲಿ. ಅವಳ ಮೇಲಿನ ಮಾತು ಅಳಿಯಬೇಕಾದರೆ ನನ್ನ ಮೇಲೆ ಬರಬೇಕು, ಬೇರೆ ದಾರಿಯಿಲ್ಲ.

ಆ ಕೋಣೆಯಲ್ಲಿ ಈಗ ಕೇಳದೆಯೇ ಮಲಗಬಹುದು ಎಂದು ಬರೆದಿರಲ್ಲ, ಅದನ್ನು ಚಿಕ್ಕಮ್ಮನ ಮಗಳಿಗೆ ಕೂಗಿ ಹೇಳಲು ನನ್ನಿಂದ ಆಗಲಿಲ್ಲ. ಕಾಗದವನ್ನೇ ಅವಳ ಕೈಗೆ ಕೊಟ್ಟೆ.

ಹಾಳೆ ಕೊಟ್ಟ ಮೇಲೆ ಒಂದು ಸಾಲು ಬರೆಯಿರಿ. ಬೇರೇನೂ ಬೇಡ.

ಅಕ್ಕ

*

೨೬ ಜೂನ್

ಅಕ್ಕ,

ನಿಮ್ಮ ಹಾಳೆಯನ್ನು ಕೊಡಲಿಲ್ಲ. ಇದರೊಳಗೆ ವಾಪಸು ಇಟ್ಟಿದ್ದೇನೆ. ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ವಸ್ತುವೂ ಇದೆ, ಅದಕ್ಕೇ ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಅದನ್ನು ಬಿಚ್ಚುವ ಮುಂಚೆ ಇದನ್ನು ಓದಿ.

೪೧ರ ಬಿಲ್ಲೆ ಕಳೆದಿರಲಿಲ್ಲ. ನಿಮ್ಮನ್ನು ಕಾಪಾಡಲು ಎತ್ತಿಟ್ಟದ್ದೂ ಅಲ್ಲ. ಫೆಬ್ರುವರಿ ಕೊನೆಯಲ್ಲಿ ಒಂದು ಮಧ್ಯಾಹ್ನ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಅದನ್ನು ಉಜ್ಜಿದೆ. ಮಸಿ ಹೋಗಿ ನಂಬರು ಕಂಡಿತು. ಹಿಂಬದಿ ಉಜ್ಜೋಣವೆಂದು ತಿರುವಿದೆ. ಅಲ್ಲೂ ಮಸಿ ಹೋಗಿ ನಂಬರು ಕಂಡಿತು. ಮತ್ತೆ ತಿರುವಿದೆ. ಎಷ್ಟು ಸಲ ತಿರುವಿದೆನೋ. ಉಳಿದ ನಲವತ್ತೇಳಕ್ಕೂ ಹಿಂಬದಿ ಬೋಳು. ಅದೊಂದಕ್ಕೆ ಎರಡೂ ಕಡೆ ೪೧.

ಆಮೇಲೆ ನೆನಪಾಯಿತು. ಬೆಂಕಿಯ ಹಿಂದಿನ ವಾರ ಒಬ್ಬ ಗಿರಾಕಿ ಹಳೆಯ ಬಿಲ್ಲೆಯನ್ನು ಎಲ್ಲೋ ಕಿತ್ತು ಬೀಳಿಸಿ ಬರೀ ಕೀಲಿ ತಂದುಕೊಟ್ಟಿದ್ದ. ಹಿತ್ತಾಳೆ ಕೆತ್ತುವವನಿಗೆ ಹೊಸದು ಮಾಡಲು ಹೇಳಿದ್ದು ನಾನು. ಅವನು, "ಒಂದು ಕಡೆ ಹೊಡೀಲಾ, ಎರಡೂ ಕಡೇನಾ" ಎಂದು ಕೇಳಿದ. "ಎರಡೂ ಕಡೆ ಹೊಡೆದುಬಿಡಪ್ಪ, ಹೇಗೆ ಬಿದ್ದರೂ ಓದೋ ಹಾಗಿರಲಿ" ಎಂದೆ. ನನ್ನ ಅಚ್ಚುಕಟ್ಟುತನ ನಿಮಗೆ ಗೊತ್ತಲ್ಲ. ನಮ್ಮ ಗುಟ್ಟು ಆ ಕ್ಷಣ ತಲೆಗೆ ಬರಲಿಲ್ಲ. ಅವನು ಅದನ್ನು ತಂದುಕೊಟ್ಟದ್ದು ಬೆಂಕಿ ಬಿದ್ದ ದಿನವೇ, ಬೆಳಗ್ಗೆ ಹನ್ನೊಂದಕ್ಕೆ. ಕೀಲಿಗೆ ಸಿಕ್ಕಿಸಿ, ನೇರ ಮಾಡಿ ನೇತುಹಾಕಿದೆ. ಮೂರು ಗಂಟೆ ಬಿಟ್ಟು ನೀವು ಬಂದು ತಿರುವಿದಿರಿ.

ನಿಮ್ಮ ಕೈ ಸುಳ್ಳು ಹೇಳಿಲ್ಲ ಅಕ್ಕ. ನೀವು ಮರೆಯಲಿಲ್ಲ. ನೀವು ತಿರುವಿದಿರಿ, ಆಮೇಲೆ ನಾನು ಹಲಗೆ ನೋಡಿದೆ, ನನಗೆ ನಂಬರು ಕಂಡಿತು. ಅಗ್ನಿಶಾಮಕದವನು, "ಮೇಲೆ ಇನ್ಯಾರಾದ್ರೂ ಇದ್ದಾರಾ, ನೋಡಿ ಹೇಳಿ, ಮೆಟ್ಟಿಲಲ್ಲಿ ಒಂದೇ ಸಲ ಹೋಗಿಬರೋಕಾಗೋದು" ಎಂದ. ನಾನು ನೋಡಿಯೇ, "ಇಲ್ಲ" ಎಂದೆ.

ಇದು ಅರ್ಧ. ಉಳಿದರ್ಧ ಹೇಳುವುದು ಕಷ್ಟ. ಆ ದಿನದ ಮೇಲೆ ಆ ಕೋಣೆಯನ್ನು ಯಾರಿಗೂ ಕೊಡಲಿಲ್ಲ. ಕೀಲಿ ಅದೇ ಕೊಕ್ಕೆಯಲ್ಲಿ, ನನ್ನ ಬೆನ್ನ ಹಿಂದೆ, ಹೋಟೆಲು ಮುಚ್ಚುವವರೆಗೆ ಇಪ್ಪತ್ತೆರಡು ವರ್ಷ ಇತ್ತು. ವಾರಕ್ಕೊಮ್ಮೆ ಹಲಗೆ ಒರೆಸುವಾಗ ಅದೊಂದನ್ನು ಬಿಟ್ಟು ಒರೆಸುತ್ತಿದ್ದೆ. ದುಃಖಕ್ಕೆ ಮುಟ್ಟುತ್ತಿಲ್ಲ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಒಳಗೊಳಗೆ ಗೊತ್ತಿತ್ತೇನೋ ಎಂದು ಹೆದರಿಕೆಯಾಗುತ್ತದೆ. ಗೊತ್ತಿರಲಿಲ್ಲ ಎಂದು ಪ್ರಮಾಣ ಮಾಡಲಾರೆ. ಬೆರಳಿನಿಂದ ಒಮ್ಮೆ ತಿರುವಿದ್ದರೆ ಆ ವಾರವೇ ನಿಮಗೆ ತಿಳಿಯುತ್ತಿತ್ತು. ನೀವು ಊರು ಬಿಡುತ್ತಿರಲಿಲ್ಲ. ನಿಮ್ಮ ತಾಯಿಗೆ ಹೇಳಲು ನಿಮ್ಮ ಬಳಿ ಒಂದು ಮಾತಿರುತ್ತಿತ್ತು.

ತಿಳಿದ ಮೇಲೂ ನಾಲ್ಕು ತಿಂಗಳು ಮುಚ್ಚಿಟ್ಟೆ. ಕಾರಣ ಸಣ್ಣದು. ನನಗೆ ಕಾಗದ ಬರೆಯುವವರು ನೀವೊಬ್ಬರೇ. ಇದನ್ನು ಹೇಳಿದರೆ ಅದೂ ನಿಲ್ಲುತ್ತದೆ ಎಂದು ಸುಮ್ಮನಿದ್ದೆ. ಆದರೆ ನೀವು ಮಾಡದ ತಪ್ಪಿಗೆ ರುಜು ಹಾಕಿ ಕಳಿಸಿದಿರಿ. ಅದನ್ನು ಗೋಡೆಗೆ ಹಾಕಿ ಅದರ ಪಕ್ಕದಲ್ಲಿ ದಿನವಿಡೀ ಕೂರಲು ನನ್ನಿಂದ ಆಗದು.

ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳುವ ಹಕ್ಕಿಲ್ಲ.

ಮೇಷ್ಟ್ರು

*

೩೦ ಸೆಪ್ಟೆಂಬರ್

ಮೇಷ್ಟ್ರೇ,

ನಿಮ್ಮ ಕಾಗದ ಬಂದು ಮೂರು ತಿಂಗಳಾಯಿತು. ಈ ಮೂರು ತಿಂಗಳಲ್ಲಿ ಬರೆದು ಹರಿದದ್ದು ಎಷ್ಟೋ.

ಓದಿದ ಕೂಡಲೇ ನನಗೆ ಬಂದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಮೈ ಹಗುರವಾಯಿತು. ಬಲಗೈಯನ್ನು ನೋಡಿಕೊಂಡು ಕೂತಿದ್ದೆ. ಕಳ್ಳಿ ಎಂದು ಇಪ್ಪತ್ತಾರು ವರ್ಷ ಮನೆಯಿಂದ ಹೊರಗಿಟ್ಟವಳನ್ನು ಒಳಗೆ ಕರೆದ ಹಾಗಾಯಿತು. ತಂಗಿ ಸತ್ತ ವಿಷಯದಲ್ಲಿ ನನಗೆ ಹಗುರವಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಸಿಟ್ಟು ಮರುದಿನ ಬಂತು. ಎರಡೂ ಕಡೆ ಹೊಡೆಸಿದ್ದಕ್ಕೆ ಸಿಟ್ಟಿಲ್ಲ. ಅಂಥ ಎಡವಟ್ಟು ಯಾರಿಂದಲೂ ಆಗುತ್ತದೆ, ನಿಮ್ಮಂಥ ಅಚ್ಚುಕಟ್ಟಿನವರಿಂದಲೇ ಆಗುತ್ತದೆ. ಹಲಗೆ ನಿಮ್ಮ ಬೆನ್ನಿಗೆ ಒಂದು ಮೊಳ ದೂರದಲ್ಲಿತ್ತು. ಇಪ್ಪತ್ತೆರಡು ವರ್ಷ, ಒಂದು ಬೆರಳು. ಅದನ್ನು ಹೇಗೆ ನುಂಗಿಕೊಳ್ಳಬೇಕೋ ತಿಳಿಯುತ್ತಿಲ್ಲ. ಅಮ್ಮ ಬದುಕಿದ್ದಳು, ಮೇಷ್ಟ್ರೇ. ಹನ್ನೊಂದು ವರ್ಷ ಬದುಕಿದ್ದಳು.

ಆದರೂ ನೀವು ಹೇಳದೆ ಸತ್ತಿದ್ದರೆ ನಾನು ಹಾಗೇ ಸಾಯುತ್ತಿದ್ದೆ. ಇದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇನೆ.

ಬಿಲ್ಲೆಯನ್ನು ನಿಮಗೇ ವಾಪಸು ಕಳಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ಮಂಚಗಳ ರಿಪೇರಿ ಮಾಡುವವನಿಗೆ ಕೊಟ್ಟು ಒಂದು ಮುಖವನ್ನು ಅರ ಹಾಕಿ ಉಜ್ಜಿಸಿದೆ. "ಒಳ್ಳೇ ನಂಬರು ಯಾಕಮ್ಮ ಅಳಿಸ್ತೀರಿ" ಎಂದ. ಒಂದೇ ಸಾಕಪ್ಪ ಎಂದೆ. ಈಗ ಅದರ ಹಿಂಬದಿ ಬೋಳು, ಉಳಿದವುಗಳ ಹಾಗೆ. ಆ ಖಾಲಿ ಕೊಕ್ಕೆಗೆ ಅದನ್ನು ನೇತುಹಾಕಿ. ಗೋಡೆ ಕಡೆ ಮುಖ ಮಾಡಿ ಹಾಕಿ. ಬಂದವರಿಗೆ ಬೋಳು ಕಾಣಲಿ.

ಗಾಜಿನ ಚೌಕಟ್ಟಿಗೆ ಬೇರೆ ಹಾಳೆ ಇಟ್ಟಿದ್ದೇನೆ. ಮೂರೇ ಸಾಲು. ಅವಳಿಗೆ ಜ್ವರವಿತ್ತು. ಅಕ್ಕ ಮಲಗಿಸಿದ್ದಳು. ಅವಳು ಕೆಲಸಗಳ್ಳಿಯಾಗಿರಲಿಲ್ಲ. ಅಮ್ಮನ ಮಾತನ್ನೇ ಬರೆದಿದ್ದೇನೆ, ನನ್ನ ಹತ್ತಿರ ಅದಕ್ಕಿಂತ ಒಳ್ಳೆಯದಿರಲಿಲ್ಲ. ನಿಮ್ಮ ಮಾತು, ನನ್ನ ಮಾತು ಅದರಲ್ಲಿ ಬೇಡ.

ಇನ್ನು ಸ್ವಲ್ಪ ಕಾಲ ನಾನು ಬರೆಯುವುದಿಲ್ಲ. ಸಿಟ್ಟಿಗಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಎಂದರೆ ಎಷ್ಟು ಎಂದು ನನಗೂ ಗೊತ್ತಿಲ್ಲ.

ಅಕ್ಕ

*

೧೨ ಅಕ್ಟೋಬರ್

ಅಕ್ಕನವರಿಗೆ,

ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಹೇಳಿದ ಕೆಲಸ ಆಯಿತು ಎಂದು ತಿಳಿಸಲು ಮಾತ್ರ.

ಹಾಳೆಯನ್ನು ಇಂಜಿನಿಯರಿಗೆ ಕೊಟ್ಟೆ. ಅವಳು ಓದಿ ಚೌಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಳು. ನಿನ್ನೆ ಒಬ್ಬಳು ಕೆಲಸದ ಹೆಣ್ಣುಮಗಳು ನೆಲ ಒರೆಸುವುದನ್ನು ನಿಲ್ಲಿಸಿ, ಬೆರಳಿಟ್ಟು ಆ ಮೂರು ಸಾಲು ಓದಿಕೊಂಡು ಹೋದಳು.

ಬಿಲ್ಲೆಯನ್ನು ನೀವು ಹೇಳಿದಂತೆ ಗೋಡೆ ಕಡೆ ಮುಖ ಮಾಡಿ ಹಾಕಿದ್ದೇನೆ. ಆದರೆ ಇಲ್ಲಿಯ ಜನಕ್ಕೆ ಅದು ತಪ್ಪಾಗಿ ಕಾಣುತ್ತದೆ. ನಲವತ್ತೇಳು ನೇರವಾಗಿವೆ, ಒಂದು ತಿರುಗಿದೆ ಎಂದು ಹೋಗುವವರು ಬರುವವರು ಕೈ ಹಾಕಿ ನೇರ ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ನಾನೂ ಅಂಥವನೇ ಆಗಿದ್ದೆ. "ತಾತ, ನೋಡಿ, ಉಲ್ಟಾ ಆಗಿತ್ತು, ಸರಿ ಮಾಡಿದೆ" ಎನ್ನುತ್ತಾರೆ. "ಒಳ್ಳೇದಾಯ್ತಪ್ಪ" ಎನ್ನುತ್ತೇನೆ. ಅವರು ಮೆಟ್ಟಿಲು ಹತ್ತಿದ ಮೇಲೆ ಎದ್ದುಹೋಗಿ ಬೆರಳಿನಿಂದ ಮತ್ತೆ ತಿರುವುತ್ತೇನೆ.

ಇವತ್ತು ಮೂರು ಸಲ ತಿರುವಿದೆ.

ಮೇಷ್ಟ್ರು